ಕಿಚ್ಚು ಹಾಯ್ದ ಲೈಸೆನ್ಸು

ನಮ್ಮ ಸೋದರಮಾವನ ಕಾರಿಗೆ ಪ್ರತಿ ಸೋಮವಾರ ರಜ. ಮಾವನಿಗಲ್ಲ, ಕಾರಿಗೆ! ಮಾವ ಅವತ್ತೂ ಎಂದಿನ ಹಾಗೆ ಬೆಳಗ್ಗೆ ಎದ್ದು, ಖಾಕಿ ಅಂಗಿ ತೊಟ್ಟು, ಪಂಚೆ ಎತ್ತಿ ಕಟ್ಟಿ, ಜಗಲಿಯ ಮೇಲೆ ಕೂತು ಕಾರನ್ನೇ ನೋಡುತ್ತಿದ್ದರು. ಗಿರಾಕಿಗಳು ಬಂದು ಕರೆದರೆ, 'ಇವತ್ತು ಕಟ್ಟಂಗಿಲ್ಲ ಸ್ವಾಮಿ' ಅನ್ನುತ್ತಿದ್ದರು. ಹೆರಿಗೆ ನೋವು ಅಂದರೆ ಮಾತ್ರ ರಿಯಾಯಿತಿ. ಹೆರಿಗೆಗೆ ಸೋಮವಾರ ಎತ್ತು ಕಟ್ಟಿದರೂ ದೋಷವಿಲ್ಲವಂತೆ.

ಈಗ ನಿಮಗೆ ಅರ್ಥವಾಗಿರಬೇಕು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಅನ್ನುವುದು ನಮ್ಮ ಕಡೆಯ ರೈತರು ಕಟ್ಟುನಿಟ್ಟಾಗಿ ಪಾಲಿಸುವ ನೇಮ. ಮಾವ ಮೂಲತಃ ರೈತರು. ಸುದ್ದಗುಂಟೆಪಾಳ್ಯದಲ್ಲಿ ಮನೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ರಾಗಿ ಹೊಲ. ಆ ಹೊಲ ಜಯನಗರದ ಬಡಾವಣೆಗೆ ಸೇರಿಹೋಯಿತು. ಹೊಲವಿಲ್ಲದ ಮೇಲೆ ಎತ್ತು ಯಾಕೆ ಅಂತ ಜೋಡಿಯನ್ನು ಕೊಟ್ಟುಬಿಟ್ಟು, ನಲವತ್ತರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಯಾರೋ ಓಡಿಸಿ ಬಿಟ್ಟ ಕಪ್ಪು ಕಾರೊಂದನ್ನು ತಂದು ಟ್ಯಾಕ್ಸಿ ಮಾಡಿಕೊಂಡರು. ಎತ್ತುಗಳೇನೋ ಹೋದವು, ಮಾವನ ಕೈಕಾಲಿನಲ್ಲಿದ್ದ ಅಭ್ಯಾಸ ಎಲ್ಲಿ ಹೋಗಬೇಕು? ಬ್ರೇಕ್ ಒತ್ತುವಾಗ ಬಾಯಿಂದ 'ಹೋ ಹೋ' ಅಂತ ಬರುತ್ತಿತ್ತು. ಏರು ಸಿಕ್ಕರೆ ನಾಲಿಗೆ ಲೊಚಗುಟ್ಟಿ ಹುರಿದುಂಬಿಸುತ್ತಿದ್ದರು. ಮಧ್ಯಾಹ್ನ ಹೊಂಗೆ ಮರದ ನೆರಳಿಗೆ ಕಾರನ್ನು ಬಿಟ್ಟು, ಬಾನೆಟ್ ತೆರೆದಿಟ್ಟು, ಒಂದು ಬಿಂದಿಗೆ ನೀರು ಕುಡಿಸಿ, ಅದು 'ಉಸಿರಾಡುವ' ತನಕ ಕಾಯುತ್ತಿದ್ದರು. ರೇಡಿಯೇಟರಿಗೆ ನೀರು ಹಾಕುವುದನ್ನು ಎಲ್ಲ ಡ್ರೈವರುಗಳೂ ಮಾಡುತ್ತಾರೆ, ಒಪ್ಪಿದೆ. ಆದರೆ ಹಾಕುತ್ತಾ ಹಾಕುತ್ತಾ ಬಾನೆಟ್ಟಿನ ಪಕ್ಕ ತಟ್ಟುವವರು ಎಷ್ಟು ಜನ?

ಇಷ್ಟೇ ಆಗಿದ್ದರೆ ಗಿರಾಕಿಗಳು ಸಹಿಸಿಕೊಳ್ಳುತ್ತಿದ್ದರೋ ಏನೋ. ಜಯನಗರದಲ್ಲಿ ಒಂದು ರಸ್ತೆಯಿತ್ತು. ಅದರ ಮೇಲೆ ಮಾವ ಕಾರು ಓಡಿಸುತ್ತಿರಲಿಲ್ಲ. ಒಮ್ಮೆ ನಿವೃತ್ತ ಹೆಡ್‌ಮಾಸ್ತರೊಬ್ಬರು ಹತ್ತಿದ್ದರು. ನೇರ ಹೋದರೆ ಎರಡೇ ನಿಮಿಷದ ದಾರಿ. ಮಾವ ಕಾರನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಬಲಕ್ಕೆ ತಿರುಗಿಸಿ, ಊರೆಲ್ಲ ಸುತ್ತಿಸಿದರಂತೆ. ಹೆಡ್‌ಮಾಸ್ತರು ಕೋಪಿಸಿಕೊಂಡು ಯಾಕಯ್ಯ ಅಂದರೆ, ಅದು ನಮ್ಮ ಹೊಲದಲ್ಲಿ ಮಡಿ ಮಾಡಿ ಪೈರು ಹಾಕಿದ್ದ ಜಾಗ, ತುಳೀಬಾರದು ಅಂದರಂತೆ. ಅಲ್ಲಿ ಪೈರೆಲ್ಲಿಯದು! ಸಾಲಾಗಿ ಹೊಸ ಮನೆಗಳು ಎದ್ದು, ಗೇಟಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಿಕೊಂಡು ಜನ ಸಂಸಾರ ಮಾಡುತ್ತಿದ್ದರು. ಹೆಡ್‌ಮಾಸ್ತರು ಆಮೇಲೆ ಬಸ್ಸಿನಲ್ಲೇ ಓಡಾಡಿದರು.

ಇಂಥ ಹಟದ ಮನುಷ್ಯ ಭಾರಿ ಧೈರ್ಯವಂತನಿರಬೇಕು ಅಂದುಕೊಂಡಿರಾ? ಅಯ್ಯೋ, ಬಿಡಿ! ನಮ್ಮ ಮಾವನಷ್ಟು ಪುಕ್ಕಲು ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಪೋಸ್ಟ್‌ಮ್ಯಾನ್ ಬೀದಿಯ ತುದಿಯಲ್ಲಿ ಕಂಡರೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಮೊಹರು ಒತ್ತಿದ ಯಾವ ಕಾಗದ ಕಂಡರೂ ಕೈ ಬೆವರುತ್ತಿತ್ತು. ಹೊಲ ಹೋದದ್ದು ಅಂಥ ಒಂದು ಕಾಗದದಿಂದಲ್ಲವೇ? ಮೊಹರಿದ್ದೂ ಅವರು ಪ್ರೀತಿಯಿಂದ ಇಟ್ಟುಕೊಂಡಿದ್ದ ಕಾಗದ ಅಂದರೆ ಡ್ರೈವಿಂಗ್ ಲೈಸೆನ್ಸು ಒಂದೇ. ಬಟ್ಟೆ ಅಂಟಿಸಿದ ರಟ್ಟಿನ ಪುಟ್ಟ ಪುಸ್ತಕ, ಒಳಗೆ ಅವರ ಫೋಟೋ. ಅದು ಜೇಬಿನಲ್ಲಿದೆಯೋ ಇಲ್ಲವೋ ಅಂತ ಗಳಿಗೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಗೊತ್ತಿಲ್ಲದವರು ಎದೆನೋವೇನೋ ಅಂದುಕೊಳ್ಳಬೇಕು.

ಇನ್ನು ಆ ಸಂಕ್ರಾಂತಿಯ ಕಥೆ. ಅರವತ್ತರ ದಶಕದ ನಡುವಿನ ಮಾತು. ನಾನಾಗ ಟ್ರೈನಿಂಗ್ ಮುಗಿಸಿ ಜಯನಗರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಮಾವನ ಮನೆಯ ಪಕ್ಕದ ಮನೆಯಲ್ಲೇ ಇದ್ದೆವು. ಸಂಕ್ರಾಂತಿ ಸಂಜೆ ನಮ್ಮ ಬೀದಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಹುಲ್ಲು ಹರಡಿ ಬೆಂಕಿ ಹಚ್ಚಿ, ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದ ಎತ್ತು ಹಸುಗಳನ್ನು ಅದರ ಮೇಲೆ ಓಡಿಸುವುದು. ವರ್ಷವೆಲ್ಲ ದನಗಳಿಗೆ ರೋಗ ರುಜಿನ ತಾಗುವುದಿಲ್ಲ ಅಂತ ನಂಬಿಕೆ. ಆ ವರ್ಷ ಮಾವನ ಕಾರು ಮೇಲಿಂದ ಮೇಲೆ ಕೆಟ್ಟು ನಿಂತಿತ್ತು. ಮಾವ ಬೆಳಗ್ಗೆಯೇ ಕಾರನ್ನು ತೊಳೆದು, ಬಾನೆಟ್ಟಿಗೆ ಅರಿಶಿನ ಬಳಿದು, ಮುಂದಿನ ಎರಡು ದೀಪಗಳ ಪಕ್ಕ ಕಬ್ಬಿನ ಜಲ್ಲೆ ಕಟ್ಟಿದ್ದರು. ಚೆಂದ ಕಾಣುತ್ತಿತ್ತು, ನಾವೆಲ್ಲ ನಕ್ಕೆವು. ಸಂಜೆ ಬೆಂಕಿ ಧಗಧಗ ಎದ್ದು, ನಾಲ್ಕು ಜೊತೆ ಎತ್ತು ಹಾಯ್ದ ಮೇಲೆ ಮಾವ ಹೋಗಿ ಎಂಜಿನ್ ಚಾಲೂ ಮಾಡಿದರು ನೋಡಿ, ನಗು ನಿಂತಿತು!

ಹೊಟ್ಟೆಯ ತುಂಬ ಪೆಟ್ರೋಲು ಇಟ್ಟುಕೊಂಡು ಕಿಚ್ಚು ಹಾಯುವ ಬಸವಣ್ಣನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬೀದಿಯವರೆಲ್ಲ ಕೂಗುತ್ತಾ ಓಡಿದರು. ಅತ್ತೆ ಮಾತ್ರ ಓಡಲಿಲ್ಲ. ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತು, ಮೊದಲು ನನ್ನ ಮೇಲೆ ಓಡ್ಸು, ಆಮೇಲೆ ಬೆಂಕಿ ಮೇಲೆ ಓಡಿಸುವಂತೆ ಅಂದರು. ಮಾವ ಗೊಣಗುತ್ತಾ ಇಳಿದರು. ಆದರೆ ಮುಖ ಸಪ್ಪಗಾಯಿತು. ಎಲ್ಲರ ದನವೂ ಹಾಯ್ದು ತಮ್ಮದೊಂದು ಹಾಯದಿದ್ದರೆ ಹೇಗೆ? ಆಗ ಬೀದಿಯ ಹಿರಿಯರೊಬ್ಬರು ತೀರ್ಪು ಕೊಟ್ಟರು.

"ಗಾಡಿಗೆ ಜೀವ ಇರಾದು ಲೈಸೆನ್ಸ್ನಲ್ಲಿ ಕಣ್ಲಾ. ಅದ್ನ ಕೈಯಾಗೆ ಇಡ್ಕಂಡು ನೀನು ಹಾಯಿ. ಗಾಡಿ ಹಾಯ್ದಂಗೇಯ."

ಎಲ್ಲರಿಗೂ ಇದು ನ್ಯಾಯವಾಗಿ ಕಂಡಿತು. ನನಗೂ ಕಂಡಿತು ಅಂತ ಹೇಳಲು ನಾಚಿಕೆಯಾಗುತ್ತದೆ, ನಾನು ಟ್ರೈನಿಂಗ್ ಆದ ಟೀಚರು! ಮಾವ ಪಂಚೆ ಮೇಲೆ ಕಟ್ಟಿ, ಲೈಸೆನ್ಸನ್ನು ಬಲಗೈಯಲ್ಲಿ ಎತ್ತಿ ಹಿಡಿದು, ದೂರದಿಂದ ಓಡಿ ಬಂದು ಹಾರಿದರು. ಐವತ್ತು ವರ್ಷದ ಕಾಲು ಅದು, ಎಷ್ಟು ಹಾರೀತು? ಬೆಂಕಿಯೇನೋ ದಾಟಿದರು. ಆಚೆ ಮುಗ್ಗರಿಸಿದರು. ಲೈಸೆನ್ಸು ಕೈಯಿಂದ ಚಿಮ್ಮಿ ಹಿಂದಕ್ಕೆ ಹೋಗಿ ಬೆಂಕಿಯ ನಡುವೆ ಬಿತ್ತು. ಅತ್ತೆ ಕಾರಿಗೆ ಕಟ್ಟಿದ್ದ ಕಬ್ಬಿನ ಜಲ್ಲೆಯನ್ನೇ ಕಿತ್ತುಕೊಂಡು ಅದನ್ನು ಈಚೆಗೆ ಎಳೆದರು.

ರಟ್ಟು ಕಪ್ಪಾಗಿತ್ತು. ಹೆಸರು ಉಳಿದಿತ್ತು, ನಂಬರು ಉಳಿದಿತ್ತು, ಮೊಹರೂ ಅರ್ಧ ಉಳಿದಿತ್ತು. ಫೋಟೋದಲ್ಲಿ ಕಾಲರಿನವರೆಗೆ ಮಾವ ಇದ್ದರು. ಅಲ್ಲಿಂದ ಮೇಲೆ ಎಂಟಾಣೆಯಗಲದ ತೂತು. ಮಾವ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಆ ತೂತಿನಲ್ಲಿ ಅತ್ತೆಯ ಮುಖ ಕಾಣುತ್ತಿತ್ತು.

ಅವತ್ತಿನಿಂದ ಮಾವ ಮಾವನಾಗಿ ಉಳಿಯಲಿಲ್ಲ. ಮಾರನೆಯ ದಿನ ಧೈರ್ಯ ಮಾಡಿ ಸೌತ್ ಎಂಡ್ ಸರ್ಕಲ್ಲಿನ ತನಕ ಕಾರು ತೆಗೆದುಕೊಂಡು ಹೋದರಂತೆ. ಅಲ್ಲೊಬ್ಬ ಪೊಲೀಸು ನಿಂತಿದ್ದ. ಅವನು ಮಾವನ ಕಡೆ ನೋಡಿದ್ದೂ ಇಲ್ಲ, ಕೈಯಲ್ಲಿದ್ದ ಕಡಲೆಕಾಯಿ ಸುಲಿಯುತ್ತಿದ್ದ. ಮಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಬೀಗ ಹಾಕಿ, ಮನೆಗೆ ನಡೆದುಕೊಂಡು ಬಂದರು. ಪಾಳ್ಯದ ಇನ್ನೊಬ್ಬ ಡ್ರೈವರು ಹೋಗಿ ಕಾರನ್ನು ತಂದು ಹೊಂಗೆ ಮರದ ಕೆಳಗೆ ಬಿಟ್ಟ. ಆಮೇಲೆ ಅದು ಅಲ್ಲಿಂದ ಅಲ್ಲಾಡಲಿಲ್ಲ. ಗಿರಾಕಿಗಳಿಗೆ ಗಾಡಿಗೆ ಮೈ ಸರಿಯಿಲ್ಲ ಅಂತ ಹೇಳುತ್ತಿದ್ದರು.

ಹೊಸ ಲೈಸೆನ್ಸ್ ಮಾಡಿಸಿಕೊಂಡರಾಯಿತು, ಇದಕ್ಕೆ ಇಷ್ಟು ಯಾಕೆ ಅಂತ ನಾನೂ ಹೇಳಿದೆ, ಅಮ್ಮನೂ ಹೇಳಿದಳು. ಆದರೆ ಅಷ್ಟರಲ್ಲಿ ಟೀ ಅಂಗಡಿಯಲ್ಲಿ ಒಬ್ಬ ಬುದ್ಧಿವಂತ ಸಿಕ್ಕಿಬಿಟ್ಟಿದ್ದ. ಹಿಂದೆ ಯಾವುದೋ ಲಾರಿಯಲ್ಲಿ ಕ್ಲೀನರಾಗಿದ್ದವನು, ಕಾನೂನೆಲ್ಲ ಅರೆದು ಕುಡಿದವನ ಹಾಗೆ ಮಾತಾಡುತ್ತಿದ್ದ. ಸರ್ಕಾರದ ಕಾಗದ ಸುಟ್ಟರೆ ಕೇಸು ಹಾಕುತ್ತಾರೆ ಅಂದ. ಹಾಕದಿದ್ದರೂ ಮುಖವಿಲ್ಲದ ಲೈಸೆನ್ಸು ನಿನ್ನದೇ ಅಂತ ಏನು ಗ್ಯಾರಂಟಿ, ರದ್ದು ಮಾಡಿ ಕಳಿಸುತ್ತಾರೆ, ಈ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಪಾಸು ಮಾಡಬೇಕು, ಪ್ರಶ್ನೆಯೆಲ್ಲ ಇಂಗ್ಲಿಷಿನಲ್ಲಿ ಅಂದ. ಮಾವನಿಗೆ ಕನ್ನಡವೇ ಕೂಡಿಸಿ ಕೂಡಿಸಿ ಓದಬೇಕು! ಅವತ್ತು ರಾತ್ರಿ ಊಟ ಬಿಟ್ಟರು. ಮಾರನೆಯ ದಿನ ಮುದ್ದೆ ಅರ್ಧಕ್ಕೆ ಇಳಿಯಿತು. ಎಂಟು ದಿನ ಹೀಗೇ ಆಯಿತು. ಅತ್ತೆ ನಮ್ಮ ಮನೆಗೆ ಬಂದು ಮೂಗು ಒರೆಸಿಕೊಂಡು ಹೋಗುತ್ತಿದ್ದರು.

ಒಂಬತ್ತನೆಯ ದಿನ ಮಾವ ನಾನು ಶಾಲೆಯಿಂದ ಬರುವುದನ್ನೇ ಕಾದಿದ್ದು ನನ್ನನ್ನು ಹಿತ್ತಲಿಗೆ ಕರೆದರು. ಲೈಸೆನ್ಸು ಬಿಚ್ಚಿ ನನ್ನ ಮುಂದೆ ಹಿಡಿದರು. ತೂತಿನ ಹಿಂದೆ ಒಂದು ಬಿಳಿ ಕಾಗದದ ಚೂರು ಅಂಟಿಸಿದ್ದರು.

"ಸ್ಕೂಲಲ್ಲಿ ಬೋರ್ಡ್ ಮ್ಯಾಲೆ ನವಿಲು ಬರೀತೀಯಂತಲ್ಲವ್ವ. ಇಲ್ಲಿ ನನ್ ಮಖ ಬರ್ದುಬುಡು."

ನಾನು ನಗಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಪೆನ್ಸಿಲು ಮುಂದೆ ಹಿಡಿದಿದ್ದರು. ನಗು ಬರಲಿಲ್ಲ. ಹೀಗೆಲ್ಲ ಮಾಡಿದರೆ ಆಗ ನಿಜವಾಗಿಯೂ ಕೇಸಾಗುತ್ತದೆ ಮಾವ, ನಾನೇ ಆಫೀಸಿಗೆ ಜೊತೆಯಲ್ಲಿ ಬರುತ್ತೇನೆ ಅಂದೆ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

"ಹೊಲ ಹೋದಾಗ ಗಾಡಿ ಇತ್ತು. ಈಗ ಅವ್ರು ಗಾಡೀನೂ ಬ್ಯಾಡ ಅಂದ್ಬುಟ್ರೆ, ನಾನು ಯಾರು ಅಂತ ಯೋಳ್ಕಳ್ಳಿ?"

ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಫೋಟೋ ತೆಗೆಸೋಣ ಅಂತ ಮಾತ್ರ ಹೇಳಿದೆ.

ಗಾಂಧಿಬಜಾರಿನ ಸ್ಟುಡಿಯೋದಲ್ಲಿ ಇನ್ನೊಂದು ಪ್ರಹಸನ. ಮಾವನನ್ನು ಸ್ಟೂಲಿನ ಮೇಲೆ ಕೂರಿಸಿ ದೀಪ ಹಾಕಿದ ಕೂಡಲೇ ಅವರು ಗಲ್ಲಿಗೇರುವವರ ಹಾಗೆ ಬಿಗಿದುಕೊಂಡರು. ಫೋಟೋದವನು ಸ್ವಲ್ಪ ಸಡಿಲ ಬಿಡಿ ಯಜಮಾನ್ರೇ ಅಂದರೆ, ಇವರು ಪಂಚೆ ಸಡಿಲ ಮಾಡಿಕೊಂಡರು. ಮೊದಲ ಸಲ ಕಣ್ಣು ಮುಚ್ಚಿದರು, ಎರಡನೆಯ ಸಲ ಉಸಿರು ಬಿಗಿಹಿಡಿದು ಕೆಮ್ಮಿದರು. ಮೂರನೆಯ ಸಲ ಏನಾಯಿತೋ, ದೀಪದ ಕಡೆ ನೋಡುತ್ತಾ ಹುಬ್ಬು ಒಂದಿಷ್ಟು ಗಂಟಿಕ್ಕಿ ಸುಮ್ಮನೆ ಕೂತರು, ಅವನು ತೆಗೆದುಬಿಟ್ಟ. ಎರಡು ದಿನ ಬಿಟ್ಟು ಮೂರು ಪ್ರತಿ ಕೊಟ್ಟ. ಮಾವ ಮಾತ್ರ ಲಕೋಟೆ ಮುಟ್ಟಲೂ ಒಲ್ಲೆ ಅಂದರು. ಮೊದಲು ಆಫೀಸಿನವರು ನೋಡಿ ಸರಿ ಅನ್ನಲಿ, ಆಮೇಲೆ ನಾನು ನೋಡುತ್ತೇನೆ ಅನ್ನುವುದು ಅವರ ಹಟ. ತಾವು ಮೊದಲು ನೋಡಿದರೆ ದೃಷ್ಟಿಯಾಗಿ ಕೆಲಸ ಕೆಡುತ್ತದಂತೆ. ತಮ್ಮ ಕಣ್ಣಿನ ದೃಷ್ಟಿ ತಮಗೇ ತಾಗುವುದುಂಟೇ? ನಮ್ಮ ಮಾವನಿಗೆ ತಾಗುತ್ತದೆ!

ಲೈಸೆನ್ಸ್ ಆಫೀಸಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಅವರಿಂದ ಪಾಠ ಒಪ್ಪಿಸಿಕೊಂಡೆ. ಒಲೆಯ ಮುಂದೆ ಅಂಗಿ ಒಣಗಲು ಹಾಕಿದ್ದೆ, ಕಿಡಿ ಹಾರಿ ಜೇಬಿನಲ್ಲಿದ್ದ ಲೈಸೆನ್ಸು ಸುಟ್ಟಿತು. ಇಷ್ಟೇ ಹೇಳಬೇಕಾದದ್ದು. ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಕಲಿಸುವ ನಾನು ಮಾವನಿಗೆ ಸುಳ್ಳು ಬಾಯಿಪಾಠ ಮಾಡಿಸಿದೆ, ಏನು ಮಾಡಲಿ? ಲಾಲ್‌ಬಾಗು ದಾಟುವ ಹೊತ್ತಿಗೆ ತಪ್ಪಿಲ್ಲದೆ ಹೇಳುತ್ತಿದ್ದರು. ಆಫೀಸಿನ ಮೆಟ್ಟಿಲಲ್ಲಿ 'ಒಲೆ' ಮರೆತರು.

ಒಳಗೆ ಕನ್ನಡಕದ ಅಧಿಕಾರಿಯೊಬ್ಬರು ಕೂತಿದ್ದರು. ಸುಟ್ಟ ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ, ತೂತಿನಲ್ಲಿ ಕಣ್ಣು ಹಾಯಿಸಿ ಮಾವನನ್ನು ನೋಡಿ, ಏನಾಯ್ತು ಅಂತ ಕೇಳಿದರು. ಮಾವ ಅಂಗಿ, ಅಂಗಿ ಅಂತ ಎರಡು ಸಲ ಅಂದರು. ಆಮೇಲೆ ಎರಡೂ ಕೈ ಮುಗಿದುಬಿಟ್ಟರು.

"ಸಂಕ್ರಾಂತಿ ಕಿಚ್ಚು ಹಾಯಿಸ್ದೆ ಸ್ವಾಮಿ. ಬಿದ್ದೋಯ್ತು."

ನಾನು ನೆಲ ನೋಡಿದೆ. ಪಕ್ಕದ ಮೇಜಿನ ಗುಮಾಸ್ತರ ಪೆನ್ನು ನಿಂತಿತು. ಅಧಿಕಾರಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಗಾಡಿಗೇನೂ ಆಗಲಿಲ್ಲ ತಾನೆ ಅಂತ ಕೇಳಿದರು. ಮಾವ ಇಲ್ಲ ಅಂದರು. ಅವರು ತಲೆಯಾಡಿಸಿ, ಒಂದು ದಪ್ಪ ರಿಜಿಸ್ಟರು ತರಿಸಿ ಹಾಳೆ ಮಗುಚಿದರು. ಮಾವ ಮೊದಲು ಲೈಸೆನ್ಸು ಪಡೆದಾಗ ಕೊಟ್ಟಿದ್ದ ಫೋಟೋದ ಇನ್ನೊಂದು ಪ್ರತಿ ಅದರಲ್ಲಿತ್ತು. ಕಪ್ಪು ಮೀಸೆ, ತುಂಬಿದ ಕೆನ್ನೆ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಅದರ ಪಕ್ಕಕ್ಕೆ ಹೊಸ ಫೋಟೋ ಇಟ್ಟರು. ಎರಡನ್ನೂ ನೋಡಿದರು. ಮಾವನನ್ನು ನೋಡಿದರು. ಮತ್ತೆ ಎರಡನ್ನೂ ನೋಡಿದರು.

ಇವರು ಅವರಲ್ಲವಲ್ಲ ಅಂದರು. ನಮ್ಮ ಮಾವನೇ ಸಾರ್, ವಯಸ್ಸಾಗಿದೆ ಅಷ್ಟೇ ಅಂದೆ. ನೀವು ಸುಮ್ಮನಿರಿ ತಾಯಿ, ಅವರು ಹೇಳಲಿ ಅಂದರು. ಮಾವ ಹೇಳಬೇಕಲ್ಲ! ತಾವು ತಾವೇ ಹೌದೋ ಅಲ್ಲವೋ ಅನ್ನುವ ಅನುಮಾನ ಅವರಿಗೇ ಬಂದುಬಿಟ್ಟಿತ್ತು. ಅಧಿಕಾರಿ ರಿಜಿಸ್ಟರಿನ ಮೇಲೆ ಬೆರಳಿಟ್ಟು, ಗುರುತಿನ ಚಿಹ್ನೆ, ಬಲಗಾಲು, ಮಂಡಿಯ ಮೇಲೆ ಹಳೆಯ ಗಾಯ ಅಂತ ಓದಿದರು. ಅಷ್ಟು ಸಾಕಾಯಿತು, ಮಾವ ಅಲ್ಲೇ ಪಂಚೆ ಎತ್ತಲು ಶುರು ಮಾಡಿದರು. ನಾನು ಗೋಡೆಯ ಕಡೆ ತಿರುಗಿದೆ. ಸಾಕು ಸಾಕು, ಬಿಡಿ ಬಿಡಿ ಅನ್ನುವ ಅಧಿಕಾರಿಯ ದನಿ ಕೇಳಿಸಿತು. ಆಮೇಲೆ ಅದೇ ದನಿ ಸ್ವಲ್ಪ ಇಳಿಯಿತು.

"ಇದು ಕೊಂಬಿನ ಗಾಯ ಅಲ್ವಾ? ಯಾವ ಎತ್ತು?"

ಮಾವ ಸಂಕ್ರಾಂತಿಯಾದ ಮೇಲೆ ಮೊದಲ ಸಲ ನೆಟ್ಟಗೆ ನಿಂತರು. ಎಡಗಡೆ ಕಟ್ಟುತ್ತಿದ್ದ ಕೆಂದ, ಕೊಂಬಿನಲ್ಲಿ ಹಾಯುವ ಎತ್ತಲ್ಲ, ಅವತ್ತು ನೊಣ ಕಚ್ಚಿ ತಲೆ ಒದರಿತು, ಅದರದೇನೂ ತಪ್ಪಿಲ್ಲ, ಕೊಟ್ಟು ಕಳಿಸುವಾಗ ಹೊರಳಿ ನೋಡಿತು ಅಂತ ಎಲ್ಲವನ್ನೂ ಹೇಳಿದರು. ಎತ್ತಿನ ಸುಳಿ ಎಲ್ಲಿತ್ತು ಅನ್ನುವುದನ್ನೂ ಹೇಳಿದರು. ಅಧಿಕಾರಿ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಫೋಟೋ ನೋಡಿ ಗೊತ್ತಾಗಲಿಲ್ಲ ಯಜಮಾನರೇ, ಈಗ ಗೊತ್ತಾಯಿತು ಅಂದು ಸಹಿ ಹಾಕಿದರು. ಕೇಸಿಲ್ಲ, ಇಂಗ್ಲಿಷಿಲ್ಲ, ಪರೀಕ್ಷೆಯಿಲ್ಲ. ಎರಡು ಫೋಟೋ ತೆಗೆದುಕೊಂಡು, ಊಟ ಮುಗಿಸಿ ಬನ್ನಿ ಅಂದರು. ನಾಲ್ಕು ಗಂಟೆಯ ಹೊತ್ತಿಗೆ ಹೊಸ ಲೈಸೆನ್ಸು ಮಾವನ ಕೈಗೆ ಬಂತು.

ಬಸ್ಸು ಹತ್ತಿ ಕೂತ ಮೇಲೆ ಮಾವ ಅದನ್ನು ಬಿಚ್ಚಿದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಒಂದು ಸ್ಟಾಪು ಹೋಯಿತು, ಎರಡು ಸ್ಟಾಪು ಹೋಯಿತು, ಪಕ್ಕದಿಂದ ಮಾತೇ ಇಲ್ಲ. ತಿರುಗಿ ನೋಡಿದರೆ ಮಾವ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದರು. ನನಗೆ ಗಾಬರಿಯಾಯಿತು. ಬೇರೆ ಯಾರದೋ ಫೋಟೋ ಅಂಟಿಸಿಬಿಟ್ಟರೇ?

"ಇವ್ನು ನಮ್ಮಪ್ಪ ಕಣವ್ವ," ಅಂದರು ಮಾವ. "ಹಿಂಗೇ ಹುಬ್ಬು ಗಂಟಾಕ್ಕಂಡು ಬಿಸ್ಲು ನೋಡ್ತಿದ್ದ. ಎಂಗಿದ್ದ ಅಂತ ಎಷ್ಟು ನೆನೆಸ್ಕಂಡ್ರೂ ಬರ್ತಾ ಇರ್ಲಿಲ್ಲ. ಮರ್ತೇ ಹೋಗಿದ್ದೆ."

ತಾತ ನಾನು ಹುಟ್ಟುವ ಮೊದಲೇ ಹೋದವರು. ಅವರ ಒಂದೇ ಒಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ. ಹೊಲದಲ್ಲಿ ದುಡಿಯುವವನ ಫೋಟೋ ಯಾರು ತೆಗೆಯುತ್ತಿದ್ದರು? ಆ ಬಸ್ಸಿನಲ್ಲಿ, ಸರ್ಕಾರದ ಮೊಹರಿನ ಕೆಳಗೆ, ನಾನು ನಮ್ಮ ತಾತನನ್ನು ಮೊದಲ ಸಲ ನೋಡಿದೆ. ನನಗೂ ಅಳು ಬಂತು. ಕಂಡಕ್ಟರು ಬಂದು ನಮ್ಮಿಬ್ಬರ ಮುಖ ನೋಡಿ, ಟಿಕೆಟ್ ಕೇಳದೆ ಮುಂದೆ ಹೋಗಿ, ಆಮೇಲೆ ಬಂದು ಕೇಳಿದ.

ಉಳಿದ ಮೂರನೆಯ ಪ್ರತಿಯನ್ನು ಮನೆಯಲ್ಲಿ ಅಮ್ಮನಿಗೆ ಕೊಟ್ಟೆ. ಇದು ಮಾವನದು ಅಂತ ಹೇಳುವ ಮೊದಲೇ ಅವಳು 'ಅಪ್ಪಯ್ಯ' ಅಂದು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆ ಫೋಟೋಗೆ ಕಟ್ಟು ಹಾಕಿಸಿ ನಮ್ಮ ನಡುಮನೆಯಲ್ಲಿ ತೂಗುಹಾಕಿದೆವು. ಮಾವ ಬಂದಾಗಲೆಲ್ಲ ಚಪ್ಪಲಿ ಬಿಟ್ಟು ಅದಕ್ಕೆ ಕೈಮುಗಿದು ಆಮೇಲೆ ಕಾಫಿಗೆ ಕೂರುತ್ತಿದ್ದರು. ತನ್ನ ಫೋಟೋಗೆ ತಾನೇ ಕೈಮುಗಿಯುವ ಮನುಷ್ಯನನ್ನು ಕಂಡು ಬಂದ ನೆಂಟರೆಲ್ಲ ನಗುತ್ತಿದ್ದರು, ಮಾವನೂ ಸೇರಿ ನಗುತ್ತಿದ್ದರು. ಅಮ್ಮನಿಗೆ ತನ್ನ ಅಪ್ಪನ ಫೋಟೋಗೆ ಹಾರ ಹಾಕುವ ಆಸೆ. ಬದುಕಿರುವ ಗಂಡನ ಫೋಟೋಗೆ ಹಾರ ಹಾಕಿದರೆ ನೋಡು ಅಂತ ಅತ್ತೆಯ ತಕರಾರು. ಹತ್ತಾರು ವರ್ಷ ಅದು ಹಾರವಿಲ್ಲದೆ ಇತ್ತು.

ಮಾವ ಹೋದ ಹನ್ನೊಂದನೆಯ ದಿನ ಅತ್ತೆ ತಾವೇ ಸೇವಂತಿಗೆ ಹಾರ ಹಿಡಿದು ನಮ್ಮ ಮನೆಗೆ ಬಂದರು. ಫೋಟೋಗೆ ಹಾಕಿ, ಕೈಮುಗಿದರು. ಅಮ್ಮ ನನ್ನನ್ನು ಅಂಗಡಿಗೆ ಕಳಿಸಿ, ಅಪ್ಪಯ್ಯನಿಗೆ ಅಂತ ಇನ್ನೊಂದು ಹಾರ ತರಿಸಿದಳು.